ಮೂವತ್ತೆರಡನೆಯ ಕಿಲೋಮೀಟರು

ಹದಿನಾರನೆಯ ಕಿಲೋಮೀಟರಿನಲ್ಲಿ ಹಿಂದಿರುಗುವಾಗ ಹಂಸಾಳಿಗೆ ಖಾತ್ರಿಯಾಯಿತು: ತಮ್ಮ ತನ್ನನ್ನು ಬಿಟ್ಟು ಹೋಗಲಿದ್ದಾನೆ.

ಇಬ್ಬರ ಮಣಿಕಟ್ಟುಗಳ ನಡುವೆ ಮೊಳದುದ್ದದ ಹಗ್ಗ. ಶಶಾಂಕ್ ದಾರಿ ನೋಡಿ ಹೇಳುತ್ತಾನೆ. ಕಣ್ಣಿಲ್ಲದ ಹಂಸಾ ಓಡುತ್ತಾಳೆ. ನಾಸಿಕದ ಪಂಚವಟಿಯಿಂದ ಓಝರ್ ರಸ್ತೆಯಲ್ಲಿ ಹದಿನಾರು, ವಾಪಸು ಹದಿನಾರು. ಇಷ್ಟು ದೂರ ಅವಳು ಎಂದೂ ಓಡಿರಲಿಲ್ಲ. ಇದು ಮುಗಿದರೆ ಜನವರಿಯ ಮ್ಯಾರಥಾನ್. ಗೈಡ್ ಇಲ್ಲದಿದ್ದರೆ ಮನೆಯ ಮೆಟ್ಟಿಲೇ ಕೊನೆ.

"ಉಬ್ಬು ಬಂತಕ್ಕಾ. ಮೂರು, ಎರಡು, ಈಗ."

ಅವಳು ಹೆಜ್ಜೆ ಎತ್ತಿ ಹಾಕಿದಳು.

ಅವಳ ಅನುಮಾನಕ್ಕೆ ಕಾರಣಗಳಿದ್ದವು. ನಸುಕಿನ ನಾಲ್ಕಕ್ಕೇ ಎಬ್ಬಿಸುತ್ತಿದ್ದವನು ದೀಪಾವಳಿಯಿಂದೀಚೆಗೆ ಬೆಳಕು ಹರಿಯದೆ ಹೊರಡುವುದಿಲ್ಲ. ಬೈಕ್ ಮಾರಿದ, ವಿಮಾನ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುತ್ತಾನೆ. ತಿಂಗಳಲ್ಲಿ ಎರಡು ಸಲ ಸಂಭಾಜಿನಗರಕ್ಕೆ ಹೋಗಿ ಬಂದ, ಯಾಕೆಂದು ಹೇಳಲಿಲ್ಲ. ಅಲ್ಲೇ ಪಕ್ಕದ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳು ಜನರನ್ನು ತೆಗೆದುಕೊಳ್ಳುತ್ತಿವೆ. ಇಪ್ಪತ್ತೊಂಬತ್ತರ ಹುಡುಗ, ಎಷ್ಟು ವರ್ಷ ಅಕ್ಕನ ಜೊತೆ ಓಡಿಯಾನು?

"ಎಷ್ಟಾತೋ?"

"ಇಪ್ಪತ್ಮೂರು."

"ಬ್ಯಾಸರಾಗೇದೇನು?"

"ಸುಮ್ನ ಓಡು. ಮಾತಾಡಿದ್ರ ಉಸಿರು ಹೋಗ್ತದ."

"ನಿಂದು ಹೋಗಬಹುದು. ನಂದು ಗಟ್ಟಿ ಅದ."

ಅವಳ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ಕತ್ತಲಲ್ಲಿ ಕಾಣದಾಯಿತು. ಆಮೇಲೆ ಅಕ್ಕಪಕ್ಕದ್ದು ಮಾಯವಾಯಿತು, ಕೊನೆಗೆ ಎದುರಿನದೂ. ಅಷ್ಟರಲ್ಲಿ ಗಂಡನೂ ದೂರವಾಗಿದ್ದ. ಧಾರವಾಡದಿಂದ ಅವಳನ್ನು ನಾಸಿಕಕ್ಕೆ ಕರೆತಂದವನು ಶಶಾಂಕ್. ಅಳುತ್ತ ಕೂತವಳ ಕೈಗೆ ಈ ಹಗ್ಗ ಕಟ್ಟಿದವನೂ ಅವನೇ. ಬಿಟ್ಟು ಹೋಗುವವರ ಮೌನ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಇಪ್ಪತ್ತೆಂಟರ ಹತ್ತಿರ ಅವನಿದ್ದ ಬದಿಯ ಗಲ್ಲಿಯಿಂದ ಆಟೋ ನುಗ್ಗಿತು. ಸದ್ದು ಕೇಳಿ ಹಗ್ಗ ಜಗ್ಗಿ ನಿಲ್ಲಿಸಿದವಳು ಹಂಸಾ.

"ಡೋಳೆ ನಾಹೀತ್ ಕಾ ರೇ?" ಕಣ್ಣಿಲ್ಲವೇನೋ ಎಂದು ಬೈಯುತ್ತ ಆಟೋದವನು ಹೋದ.

"ನಿನಗ ಬೈದಾನಪಾ, ನನಗಲ್ಲ," ಎಂದು ಅವಳು ನಕ್ಕಳು.

ಶಶಾಂಕ್ ನಗಲಿಲ್ಲ. ಇವನ ಮನಸ್ಸು ಆಗಲೇ ಬಿಡಕಿನ್ ಸೇರಿದೆ ಎಂದುಕೊಂಡಳು. ಉಳಿದ ನಾಲ್ಕು ಕಿಲೋಮೀಟರು ಅವಳು ಹೆಜ್ಜೆ ಎಣಿಸುತ್ತ ಓಡಿದಳು.

ಗುಡಿಯ ಗಂಟೆ ಕೇಳಿಸಿತು, ಹೂವಿನವರ ಕೂಗು ಕೇಳಿಸಿತು.

"ಮೂವತ್ತೆರಡು," ಎಂದು ಅವನು ನಿಂತ. ಶಾಬಾಸ್ ಎನ್ನಲಿಲ್ಲ. ಹಗ್ಗವನ್ನೂ ಬಿಚ್ಚಲಿಲ್ಲ. "ಅಕ್ಕಾ, ಜನವರಿಗೆ ನಾ ಗೈಡ್ ಆಗಂಗಿಲ್ಲ."

ಹಂಸಾ ಇದಕ್ಕೆ ಉತ್ತರವನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದಳು.

"ಗೊತ್ತದ. ನೌಕರಿ ಚಲೋ ಸಿಕ್ಕಿದ್ರ ಹೋಗು. ನನ್ನ ಚಿಂತಿ ಬ್ಯಾಡ. ಓಟದ ಕ್ಲಬ್ಬಿನವ್ರು ಯಾರನ್ನರ ಒಬ್ಬರನ್ನ ಕೊಡ್ತಾರ."

"ನೌಕರಿ ಅಲ್ಲ. ಕಣ್ಣಿನ ದವಾಖಾನಿಗೆ ಹೋಗಿದ್ದೆ." ಅವನ ಕೈ ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯಿತು. "ಒಬ್ಬರು ಸಾಲಂಗಿಲ್ಲಕ್ಕಾ. ನಿನಗೊಬ್ಬರು, ನನಗೊಬ್ಬರು."