ಎಡಗಡೆಯ ಸೀಟು

“ಡ್ರೈವರನ್ನ ಕರಕೊಂಡು ಬಂದೀರೇನ್ರಿ?”

ಕೇಳಿದವನು ಬಂದೇಅಲಿ. ಕಾಡುದಾರಿಯಲ್ಲಿ ಜೀಪು ಓಡಿಸುವ ಹವ್ಯಾಸಿಗಳ ತಂಡಕ್ಕೆ ಅವನೇ ಮುಂದಾಳು. ಬೆಳಿಗ್ಗೆ ಚಂದಾಪುರದ ಚಹಾದಂಗಡಿಯ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಸ್ಟೇರಿಂಗ್ ಬಿಟ್ಟು ಇಳಿದವರು ಮಾಲೀಕರೇ. ಉದಯಕುಮಾರ ಮಾತ್ರ ಎಡಗಡೆಯ ಬಾಗಿಲಿನಿಂದ ಇಳಿದಿದ್ದ.

“ಹೂಂ,” ಎಂದ ಉದಯಕುಮಾರ.

ಡ್ರೈವರ್ ಇಟ್ಟುಕೊಂಡವನನ್ನು ನೋಡಿ ಯಾರೂ ನಗುವುದಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ಅಷ್ಟೇ. ಮುಂದಿನ ಗಾಜು ಒರೆಸುತ್ತಿದ್ದ ಜಟ್ಟೆಪ್ಪನ ಕೈ ಕ್ಷಣ ಹೊತ್ತು ನಿಂತಿತು. ಮತ್ತೆ ಒರೆಸತೊಡಗಿತು.

“ಹೋಗೂಣೇನ್ರಿ ಸಾಹೇಬ್ರ?” ಎಂದ ಜಟ್ಟೆಪ್ಪ.

ಗಾಡಿಯ ವಿಷಯದಲ್ಲಿ ಉದಯಕುಮಾರ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿದ್ದ. ಉದ್ದನೆಯ ಗಾಡಿ ಬೇಡ, ಇಕ್ಕಟ್ಟಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಡೀಸೆಲ್ಲೇ ಇರಲಿ, ನಿಧಾನವಾಗಿ ಹೋಗುವಾಗಲೂ ಎಳೆತ ಇರುತ್ತದೆ. ಶೋರೂಮಿಗೆ ಜಟ್ಟೆಪ್ಪನನ್ನೂ ಕರೆದೊಯ್ದಿದ್ದ. ಶಹಾಬಾದಿನ ಕಲ್ಲುಗಣಿಗಳಲ್ಲಿ ಲಾರಿ ಓಡಿಸುತ್ತಲೇ ಕೂದಲು ಬೆಳ್ಳಗಾದವನು ಜಟ್ಟೆಪ್ಪ. ಬಣ್ಣ ಆರಿಸುವಾಗ ಉದಯಕುಮಾರ ಅವನ ಮುಖ ನೋಡಿದ. “ಕೆಂಪು ಛಲೋ ಕಾಣ್ತದ,” ಎಂದ ಜಟ್ಟೆಪ್ಪ. ಕೆಂಪು ಗಾಡಿಯೇ ಬಂತು.

ವಾಡಿಯ ಗ್ಯಾರೇಜಿನಲ್ಲಿ ಮತೀನ ಅದಕ್ಕೆ ಕೆಸರು ಹಿಡಿದು ನಡೆಯುವ ದಪ್ಪ ಟೈರು ಹಾಕಿದ. ಹೊಟ್ಟೆಗೆ ಕಲ್ಲು ತಾಗದಂತೆ ಕಬ್ಬಿಣದ ತಗಡು ಬಡಿದ. ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದು ಮುಂದೆ ತಂತಿಹಗ್ಗ ಸುತ್ತುವ ವಿಂಚ್ ಕೂರಿಸಿದ.

“ಸೀಟು ಯಾರ ಅಳತಿಗೆ ಮಾಡ್ಲಿರಿ?” ಎಂದು ಮತೀನ ಕೇಳಿದಾಗ ಉದಯಕುಮಾರ ನೆಲ ನೋಡಿದ.

“ಇವರ ಅಳತಿಗೆ ಮಾಡ್ರಿ,” ಎಂದ, ಪಕ್ಕದಲ್ಲಿದ್ದ ಜಟ್ಟೆಪ್ಪನನ್ನು ತೋರಿಸಿ.

ಊರ ರಸ್ತೆಯಲ್ಲಿ ಅವನು ಓಡಿಸಬಲ್ಲ. ಕಡಿದಾದ ಇಳಿಜಾರು ಕಂಡರೆ ಮಾತ್ರ ಕೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಅದು ಗೊತ್ತಿದ್ದದ್ದು ಹೆಂಡತಿ ಭಾಗ್ಯಜ್ಯೋತಿಗೆ, ಬಿಟ್ಟರೆ ಜಟ್ಟೆಪ್ಪನಿಗೆ.

ಚಿಂಚೋಳಿಯ ಕಾಡಂಚಿನ ಗುಡ್ಡದಲ್ಲಿ ಆ ಇಳಿಜಾರು ಬಂದೇ ಬಂತು. ಕೆಂಪು ಮಣ್ಣು ಮಳೆಗೆ ಕೊಚ್ಚಿಹೋಗಿ ದಾರಿಯ ಒಂದು ಮಗ್ಗುಲು ಕುಸಿದಿತ್ತು. ಗಾಡಿ ವಾಲಿತು. ಉದಯಕುಮಾರ ಹಿಡಿಕೆಗೆ ಜೋತುಬಿದ್ದು ಕಣ್ಣು ಮುಚ್ಚಿದ.

“ಆಯ್ತು, ಇಳದ್ವಿ,” ಎಂದ ಜಟ್ಟೆಪ್ಪ ಮೆಲ್ಲಗೆ, ಕಿಟಕಿಯಾಚೆ ನಿಂತವರಿಗೆ ಕೇಳದ ಹಾಗೆ.

ಊಟಕ್ಕೆ ಕೆರೆಯ ದಂಡೆಯಲ್ಲಿ ಮರದಡಿ ಜಮಖಾನೆ ಹಾಸಿದರು. ಜಟ್ಟೆಪ್ಪ ತುಸು ದೂರದಲ್ಲಿ, ಗಾಡಿಯ ಹಿಂದಿನ ಗಾಲಿಗೆ ಒರಗಿ ಕುಳಿತು ಬುತ್ತಿ ಬಿಚ್ಚಿದ. “ಊಟಕ್ಕ ಮೊದಲ ಅವರಿಗೆ ಸಕ್ಕರಿ ಬ್ಯಾನಿ ಗುಳಿಗಿ ಕೊಡ್ರಿ, ಮರೀಬ್ಯಾಡ್ರಿ,” ಎಂದು ಭಾಗ್ಯಜ್ಯೋತಿ ಹೇಳಿ ಕಳಿಸಿದ್ದಳು. ಗುಳಿಗೆ ಉದಯಕುಮಾರನ ಜೇಬಿನಲ್ಲೇ ಇತ್ತು. ಎದ್ದು ಹೋಗಿ ಕೊಟ್ಟರಾಯಿತು. ಆದರೆ ಮಾಲೀಕನೇ ಡ್ರೈವರನಿಗೆ ಗುಳಿಗೆ ಒಯ್ದರೆ ಇವರೆಲ್ಲ ಏನೆಂದುಕೊಂಡಾರು? ಅವನು ಕುಳಿತೇ ಇದ್ದ. ಅತ್ತ ಜಟ್ಟೆಪ್ಪ ಸ್ವಲ್ಪ ಹೊತ್ತು ಇವನ ಕಡೆ ನೋಡಿ, ಆಮೇಲೆ ರೊಟ್ಟಿ ಮುರಿದ.

ಬಂದೇಅಲಿಯ ಮಗಳು ಮಹೆಕ್ ಒಂದು ತಟ್ಟೆಯಲ್ಲಿ ಬಿರಿಯಾನಿ ಬಡಿಸಿಕೊಂಡು ಜಟ್ಟೆಪ್ಪನ ಬಳಿ ಹೋದಳು.

“ತಗೋರಿ ಚಾಚಾ. ಗಾಡಿ ಭಾಳ ಛಲೋ ಇಳಿಸಿದ್ರಿ. ಸಾಹೇಬ್ರ ಹಂತೇಕ ಎಂದಿಂದ ಇದ್ದೀರಿ?”

“ಅವರು ಹುಟ್ಟಿದಾಗಿಂದ ಇದ್ದೀನವ್ವ.”

“ಮನಿತನದ ಹಳೇ ಮಂದಿ,” ಎಂದು ಬಂದೇಅಲಿ ತಲೆದೂಗಿದ. “ಇಂಥವ್ರು ಈಗ ಸಿಗಂಗಿಲ್ರಿ. ನಸೀಬದವ್ರು ಬಿಡ್ರಿ ನೀವು.”

ಎಲ್ಲರೂ ಉದಯಕುಮಾರನ ಕಡೆ ತಿರುಗಿದರು. ಏನಾದರೂ ಹೇಳಬೇಕಿತ್ತು. ಅವನು ಸುಮ್ಮನೆ ನಕ್ಕ. ನಕ್ಕ ಮೇಲೆ ಕಿವಿ ಸುಡತೊಡಗಿತು.

ಇಳಿಹೊತ್ತಿಗೆ ತಂಡ ಚದುರಿತು. “ಮುಂದಿನ ಸಲಾನೂ ಚಾಚಾನ್ನ ಕರಕೊಂಡು ಬರ್ರಿ,” ಎಂದು ಬಂದೇಅಲಿ ಕೈಬೀಸಿದ. ಗಾಡಿ ಸೇಡಂ ದಾಟಿತು. ರಸ್ತೆಯ ಎರಡೂ ಕಡೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಉದಯಕುಮಾರ ಮನಸ್ಸಿನಲ್ಲೇ ಮಾತು ಜೋಡಿಸಿದ, ಕೆಡಿಸಿದ, ಮತ್ತೆ ಜೋಡಿಸಿದ. ಈಗ ಗಾಡಿಯಲ್ಲಿ ಇಬ್ಬರೇ. ಕೇಳಿ ನಗುವವರು ಯಾರೂ ಇರಲಿಲ್ಲ.

ಬೆಳಿಗ್ಗೆ ಚಂದಾಪುರದಲ್ಲಿ ಇಳಿದ ಮೇಲೆ ಮೊದಲ ಸಲ ಅವನು ಕರೆದ.

“ಅಪ್ಪಾ.”

ಜಟ್ಟೆಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ.

“ಹೇಳ್ರಿ, ಸಾಹೇಬ್ರ.”