ಎರಡು ಚುಕ್ಕೆ ಬೆಸುಗೆ

“ಕೊಟ್ರೇಶಪ್ಪ, ಈ ಸಲ ಸೈಲೆನ್ಸರ್ ಪೈಪು ಗಟ್ಟಿಯಾಗಿ ಕೂರಿಸ್ರಿ. ನಂಗೆ ಹೊನ್ನಾಳಿಗೆ ವರ್ಗ ಆಗೈತೆ,” ಎಂದರು ಡಾಕ್ಟರ್ ನಿರ್ಮಲಾ, ಎಂದಿನಂತೆ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು.

ಅವರ ಜೀಪಿನ ಕೆಳಗೆ ಮಲಗಿದ್ದ ಕೊಟ್ರೇಶಪ್ಪನ ಕೈ ನಿಂತಿತು. ನಾಲ್ಕು ಚಕ್ರವೂ ಎಳೆಯುವ ಜೀಪು ಅದು. ಮೂರು ವರ್ಷದಿಂದ ಅದಕ್ಕೆ ಕಂಪನಿ ಪೈಪಿನ ಬದಲು ತಾನೇ ಬಗ್ಗಿಸಿದ ಪೈಪು ಹಾಕುತ್ತಿದ್ದ. ಪೈಪು ಬಾಗುವ ಕಡೆಯ ಜೋಡಣೆಗೆ ಮಾತ್ರ, ಬೇಕೆಂದೇ, ಎರಡೇ ಚುಕ್ಕೆ ಬೆಸುಗೆ ಇಡುತ್ತಿದ್ದ. ಡಾಕ್ಟರು ಓಡಾಡುವ ಬಿಳಿಚೋಡಿನ ಕಲ್ಲುದಾರಿ ಎರಡು ತಿಂಗಳಲ್ಲಿ ಅದನ್ನು ಬಿಡಿಸುತ್ತಿತ್ತು. ಜೀಪು ಗುಡುಗುತ್ತ ಅವರನ್ನು ಮತ್ತೆ ಈ ಸ್ಟೂಲಿಗೆ ಕರೆತರುತ್ತಿತ್ತು.

“ಅಲ್ಲಿ ಪೈಪು ಬಿಟ್ಕೊಂಡ್ರೆ ಯಾರ ಹತ್ರ ಹೋಗ್ಲಿ?” ಎಂದರು ಡಾಕ್ಟರ್.

“ಇನ್ನು ಬಿಡಂಗಿಲ್ಲ ಡಾಕ್ಟ್ರಮ್ಮ,” ಎಂದ ಕೊಟ್ರೇಶಪ್ಪ. ಹಣೆ ಮೇಲಿದ್ದ ಕಪ್ಪು ಕನ್ನಡಕ ಕಣ್ಣಿಗೆ ಇಳಿಸಿಕೊಂಡು, ಆ ಜೋಡಣೆಗೆ ಮೊದಲ ಸಲ ಪೂರ್ತಿ ಸುತ್ತು ಬೆಸುಗೆ ಹಾಕಿದ.