ಬೀಗರಿಗಾಗಿ ಎತ್ತಿದ ಗಾಡಿ

ಬೀಗರಾಗಲಿರುವ ಹಿರಿಯರು ಮುಂದಿನ ಸೀಟಿನಲ್ಲಿ ಕೂತರೆಂದರೆ ಸಾಕು, ಫಕೀರಪ್ಪನ ಪಿಕಪ್ ಗಾಡಿ ಕಾಲಿಗೆ ಬೀಳುವ ಹೊಸ ಸೊಸೆಯ ಹಾಗೆ ಮುಂದಕ್ಕೆ ಬಾಗಿಬಿಡುತ್ತಿತ್ತು. ರಸ್ತೆಯ ಉಬ್ಬು ಬಂದಲ್ಲೆಲ್ಲ ಅದರ ಮೂತಿ ಕರ್ರೆಂದು ನೆಲ ಕೆರೆಯುತ್ತಿತ್ತು. ಮಗಳ ಮದುವೆ ನಿಶ್ಚಯದ ದಿನವೂ ಹೀಗಾದರೆ ಮಾನ ಉಳಿಯದೆಂದು ಅವನು ಗ್ಯಾರೇಜಿಗೆ ಹೋದ.

“ಮುಂದ ಎತ್ತರಾಗಬೇಕು ಮೇಸ್ತ್ರಿ. ಖರ್ಚು ಕಡಿಮಿ ಇರ್ಲಿ.”

ಮೇಸ್ತ್ರಿ ಬಗ್ಗಿ ನೋಡಿದ. “ಹೊಸಾ ಸ್ಪ್ರಿಂಗ್ ದುಬಾರಿ. ಹಳೇದರ ಮ್ಯಾಲೆ ದಪ್ಪನ್ನ ಕಬ್ಬಣದ ಬಿಲ್ಲೆ ಇಟ್ರ ಅಗ್ಗ. ಪುಕ್ಕಟೆ ಆಗಬೇಕಂದ್ರ ಬೀಗರನ್ನ ಹಿಂದ ಕುಂದ್ರಸ್ರಿ.”

“ಹಿಂದ ಕುಂದ್ರಸಿದ್ರ ನನ್ನ ಮಗಳ ಲಗ್ನ ಅಲ್ಲೇ ಮುರೀತೈತಿ, ಮಾರಾಯ. ಬಿಲ್ಲೆ ಇಡು. ಒಂದಲ್ಲ, ಎರಡು ಇಡು.”

ಗಾಡಿ ಮೂಗೆತ್ತಿ ನಿಂತಿತು. ಆದರೆ ನಿಶ್ಚಯದ ದಿನ ಬೀಗರ ಕಾಲು ಮೆಟ್ಟಿಲಿಗೆ ಎಟುಕಲೇ ಇಲ್ಲ. ಫಕೀರಪ್ಪ ಒಳಗಿನಿಂದ ಕೈಹಿಡಿದು ಜಗ್ಗಿದ, ಬೀಗತಿ ಹೊರಗಿನಿಂದ ನೂಕಿದರು. ಧೋತರ ಸಡಿಲಾಯಿತೇ ಹೊರತು ಬೀಗರು ಮೇಲೇರಲಿಲ್ಲ. ಅವರು ಕೈ ಬಿಡಿಸಿಕೊಂಡು ಹಿಂದಕ್ಕೆ ನಡೆದರು.

ಸಂಬಂಧ ಕೈತಪ್ಪಿತೆಂದು ಫಕೀರಪ್ಪ ಕೈಮುಗಿಯುತ್ತಲೇ ಅವರ ಬೆನ್ನ ಹಿಂದೆ ಓಡಿದ. “ತಪ್ಪಾತ್ರಿ ಬೀಗರ. ಗಾಡಿ ಇವತ್ತ ತಗ್ಗಸ್ತೀನಿ.”

ಬೀಗರು ಆಗಲೇ ಎತ್ತರಿಸದೆ ತಗ್ಗಿನಲ್ಲೇ ಉಳಿದಿದ್ದ ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು, ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ ಕೂತಿದ್ದರು.

“ತಗ್ಗಸಬ್ಯಾಡ್ರಿ, ನಿಮಗ ಪುಣ್ಯ ಬರ್ತೈತಿ. ಮುಂದ ಒಲ್ಲೆ ಅಂದ್ರ ನೀವೆಲ್ಲಿ ಹೆಣ್ಣು ಕೊಡಾಂಗಿಲ್ಲ ಅಂತೀರೋ ಅಂತ ಅಂಜಿ, ಇಷ್ಟು ದಿನಾ ಸೀಟಿನ ಬುಡದಾಗಿನ ಇಂಜಿನ್ ಕಾವಿಗೆ ಬೇಯ್ಕೋಂತ ಕುಂತಿದ್ದೆ.”